ಹೊಸಿಲು ದಾಟುವ ಹೀಲ್ಸ್

ಹೋದ ಡಿಸೆಂಬರಿನಲ್ಲಿ ಊರಿಗೆ ಹೊರಡುವ ವಾರ ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಕಪ್ಪು ಬಣ್ಣ, ಚೂಪು ಮೂತಿ, ನಾಲ್ಕು ಇಂಚಿನ ಪೆನ್ಸಿಲ್ ಹೀಲ್ಸ್. "ಚಿಕ್ಕಮ್ಮ, ಲಂಡನ್ನಿಂದ ಇಂಥದ್ದೇ ತಗೊಂಡ್ ಬಾ. ಆಫೀಸಿಗೂ ಆಗ್ಬೇಕು, ಎಂಗೇಜ್‌ಮೆಂಟಿಗೂ ಆಗ್ಬೇಕು." ಅವಳಿಗೆ ಮೈಸೂರಿನ ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕೆಲಸ. ಸಂಕ್ರಾಂತಿ ಕಳೆದ ಮೇಲೆ ಮಂಡ್ಯದಲ್ಲಿ ನಿಶ್ಚಿತಾರ್ಥ.

ನಾನು ತರಲಿಲ್ಲ. ಜಿಪುಣತನ ಅಂತ ಅಕ್ಕ ಇವತ್ತಿಗೂ ಅಂದುಕೊಂಡಿದ್ದಾಳೆ. ಅಂಗಡಿಯಲ್ಲಿ ಆ ಜೋಡಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೆ ಕೂಡ. ಆದರೆ ಆ ಶೂ ಹುಟ್ಟಿದ ಊರಿನ ದಿನಚರಿ ಬೇರೆ, ಅದು ಹೋಗಬೇಕಾದ ಊರಿನ ದಿನಚರಿ ಬೇರೆ ಅನಿಸಿತು.

ಲಂಡನ್ನಿನಲ್ಲಿ ಆಫೀಸಿಗೂ ಸಂಜೆಗೂ ಒಂದೇ ಶೂ ಬೇಕು ಅನ್ನುವುದಕ್ಕೆ ಕಾರಣ ಇದೆ. ಮನೆ ರೈಲಿನಲ್ಲಿ ಒಂದು ಗಂಟೆ ದೂರ. ಐದೂವರೆಗೆ ಕೆಲಸ ಮುಗಿದರೆ ಹಾಗೇ ಊಟಕ್ಕೋ ಪಾರ್ಟಿಗೋ ಹೋಗುವುದು. ಮಧ್ಯೆ ಮನೆಗೆ ಹೋಗಿ ಬಟ್ಟೆ ಬದಲಿಸುವ ಮಾತೇ ಇಲ್ಲ. ಬೆಳಿಗ್ಗೆ ರೈಲಿನಲ್ಲಿ ನೋಡಿದರೆ ಕೋಟು ತೊಟ್ಟ ಹೆಂಗಸರ ಕಾಲಲ್ಲಿ ಓಡುವವರ ಶೂ ಇರುತ್ತದೆ. ಹೀಲ್ಸ್ ಬ್ಯಾಗಿನಲ್ಲಿ, ಇಲ್ಲವೇ ಆಫೀಸಿನ ಡ್ರಾಯರಿನಲ್ಲಿ. ಒಂಬತ್ತಕ್ಕೆ ಹೀಲ್ಸ್ ಒಳಗೆ ಹೋದ ಕಾಲು ರಾತ್ರಿಯೇ ಹೊರಗೆ ಬರುವುದು. ಹಾಗಾಗಿ ಕಣಕಾಲಿಗೆ ಸುತ್ತುವ ಬಾರು, ಸಣ್ಣ ಬಕಲ್ ಎಲ್ಲ ಅಲ್ಲಿ ನಡೆಯುತ್ತದೆ. ದಿನಕ್ಕೆ ಒಂದು ಸಲ ಕಟ್ಟಿದರೆ ಮುಗಿಯಿತು.

ನಮ್ಮ ಕಡೆ? ಒಂದು ಶನಿವಾರ ಮೈಸೂರಿನಲ್ಲಿ ಸುಮ್ನೆ ಎಣಿಸಿದೆ. ದೇವಸ್ಥಾನ, ಹಲ್ಲಿನ ಡಾಕ್ಟರ ಕ್ಲಿನಿಕ್, ಸೀರೆ ಅಂಗಡಿಯ ಗಾದಿ, ಗೆಳತಿಯ ಮನೆ, ಅತ್ತೆಯ ಮನೆ, ಟೈಲರ್ ಅಂಗಡಿ, ಕೊನೆಗೆ ನಮ್ಮ ಮನೆ. ಏಳು ಸಲ ಚಪ್ಪಲಿ ಬಿಟ್ಟೆ, ಏಳು ಸಲ ಹಾಕಿಕೊಂಡೆ. ಒಮ್ಮೆ ಲಂಡನ್ನಿನ ಗೆಳತಿಯೊಬ್ಬಳು ಬಂದಿದ್ದಾಗ ಅವಳ ಕಾಲಲ್ಲಿ ಮೂರು ಇಂಚಿನ, ಬಕಲ್ ಇರುವ ಹೀಲ್ಸ್. ಅರಮನೆಯ ಬಾಗಿಲಲ್ಲಿ ನಗುತ್ತಾ ಬಿಚ್ಚಿದಳು. ಚಾಮುಂಡಿ ಬೆಟ್ಟದಲ್ಲಿ ನನ್ನ ಭುಜ ಹಿಡಿದು, ಒಂದೇ ಕಾಲಲ್ಲಿ ತೂಗಾಡುತ್ತಾ ಬಿಚ್ಚಿದಳು. ನಮ್ಮ ಮನೆಯ ಜಗಲಿಯಲ್ಲಿ ಕೂತೇ ಬಿಟ್ಟಳು. ಅವ್ವ ಆ ಜೋಡಿಯನ್ನು ಎತ್ತಿ ನೋಡಿ, "ಇದೇನು ಎಕ್ಕಡನೋ ಏಣಿನೋ?" ಅಂದರು. ಸಂಜೆ ದೇವರಾಜ ಮಾರ್ಕೆಟ್ಟಿನ ಹತ್ತಿರ ಅವಳು ರಬ್ಬರ್ ಚಪ್ಪಲಿ ಕೊಂಡಳು.

ಹಾಗಾಗಿ ನಮ್ಮೂರಲ್ಲಿ ಹೀಲ್ಸ್ ಕೊಳ್ಳುವಾಗ ನಾನು ಮೊದಲು ನೋಡುವುದು ಎತ್ತರವನ್ನಲ್ಲ. ಬಗ್ಗದೆ, ಗೋಡೆ ಹಿಡಿಯದೆ ಬಿಡಲು ಆಗುತ್ತದಾ? ಹಿಂದೆ ಎಲಾಸ್ಟಿಕ್ ಬಾರು ಇದ್ದರೆ ಬಹಳ ಒಳ್ಳೆಯದು. ಬಕಲ್ ಇದ್ದರೂ ಅದು ಬರೀ ಅಂದಕ್ಕೆ, ಒಳಗೆ ಎಲಾಸ್ಟಿಕ್ ಇರಲಿ. ಹಿಂದೆ ಏನೂ ಹಿಡಿತವಿಲ್ಲದ ಎತ್ತರದ ಚಪ್ಪಲಿ ಬಿಡಲು ಸುಲಭ ನಿಜ, ಮೆಟ್ಟಿಲು ಇಳಿಯುವಾಗ ಅದು ಕಾಲಿಗಿಂತ ಮುಂಚೆ ಇಳಿಯುತ್ತದೆ.

ಎತ್ತರದ ಲೆಕ್ಕ ಸೀರೆಯಲ್ಲಿ ಇದೆ, ಮತ್ತು ಇದನ್ನು ನಾನು ಮೈಮೇಲೆ ಹಾಕಿಕೊಂಡೇ ಕಲಿತೆ. ಹೀಲ್ಸ್ ಹಾಕಿಕೊಂಡೇ ಸೀರೆ ಉಡಬೇಕು, ಇಲ್ಲದಿದ್ದರೆ ಕಣಕಾಲು ಕಾಣುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ. ಮೂರು ವರ್ಷದ ಹಿಂದೆ ಮೈಸೂರಿನ ಒಂದು ಛತ್ರದಲ್ಲಿ ಸೋದರಮಾವನ ಮಗನ ಮದುವೆ. ಮೂರೂವರೆ ಇಂಚಿನ ಹೀಲ್ಸ್ ಮೇಲೆ ನಿಂತು, ಮೈಸೂರು ಸಿಲ್ಕ್ ಸೀರೆಯ ನೆರಿಗೆಯನ್ನು ನೆಲಕ್ಕೆ ತಾಗುವ ಹಾಗೆ ಅಳೆದು ಉಟ್ಟೆ. ಛತ್ರಕ್ಕೆ ಹೋದೆ. ಧಾರೆ ನೋಡಲು ಮಂಟಪದ ಹತ್ತಿರ ಹೋಗಬೇಕು, ಚಪ್ಪಲಿ ಬಿಡಿ ಅಂದರು. ಬಿಟ್ಟೆ. ನಾನು ಮೂರೂವರೆ ಇಂಚು ಕೆಳಗೆ ಬಂದೆ, ಸೀರೆ ಬರಲಿಲ್ಲ. ಅಂದರೆ ಅಷ್ಟೂ ಜರಿ ಅಂಚು ನೆಲದ ಮೇಲೆ. ಅಕ್ಷತೆ, ಹೂವಿನ ಎಸಳು, ನೀರು ಎಲ್ಲವನ್ನೂ ಗುಡಿಸಿಕೊಂಡು ನಡೆದೆ. ಎರಡನೇ ಹೆಜ್ಜೆಗೆ ಹೆಬ್ಬೆರಳು ನೆರಿಗೆಗೆ ಸಿಕ್ಕಿತು. ಪಿನ್ ಇದ್ದದ್ದಕ್ಕೆ ಮಾನ ಉಳಿಯಿತು.

ಅವತ್ತಿನಿಂದ ಸೀರೆಗೆ ನನ್ನ ಮಿತಿ ಎರಡು ಇಂಚು. ಆ ಎತ್ತರಕ್ಕೆ ಉಟ್ಟ ಸೀರೆಯನ್ನು ಚಪ್ಪಲಿ ಬಿಟ್ಟ ಮೇಲೆ ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದರೆ ನಡೆಯುತ್ತದೆ. ಇದಕ್ಕಿಂತ ಜಾಸ್ತಿ ಎತ್ತರದ ಶೂಗಳನ್ನು ನೆಲ ಮುಟ್ಟದ ಬಟ್ಟೆ ಹಾಕುವವರು, ಹೊಸಿಲಲ್ಲಿ ಶೂ ಬಿಡದವರು ಇಟ್ಟುಕೊಳ್ಳಲಿ.

ಕುಳ್ಳಗಿರುವವರಿಗೆ ಒಂದು ಉಪಾಯ ಇದೆ. ಮುಂದಿನ ಅಟ್ಟೆಯೂ ದಪ್ಪ ಇರುವ ಜೋಡಿ ನೋಡಿ. ಹಿಂದೆ ಮೂರು ಇಂಚು, ಮುಂದೆ ಒಂದು ಇಂಚು ಇದ್ದರೆ ಪಾದಕ್ಕೆ ಇಳಿಜಾರು ಎರಡೇ ಇಂಚಿನದು. ಇಳಿಜಾರು ಜಾಸ್ತಿಯಾದಷ್ಟೂ ಮೈಭಾರ ಬೆರಳ ಬುಡಕ್ಕೆ ಬೀಳುತ್ತದೆ, ಮೀನಖಂಡ ಸೆಟೆದುಕೊಳ್ಳುತ್ತದೆ. ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ: ಅದೇ ಮೂರು ಇಂಚು 7ನೇ ಸೈಜಿನ ಕಾಲಿಗಿಂತ 4ನೇ ಸೈಜಿನ ಕಾಲಿಗೆ ಹೆಚ್ಚು ಕಡಿದಾಗಿರುತ್ತದೆ. ಉದ್ದ ಕಾಲಿನ ಗೆಳತಿ ಆರಾಮಾಗಿ ನಡೆಯುತ್ತಾಳೆ ಅಂತ ನೀವೂ ಕೊಳ್ಳಬೇಡಿ.

ಸ್ಕೂಟರ್ ಬಗ್ಗೆ ನಾದಿನಿಯ ಜೊತೆ ದೊಡ್ಡ ವಾದವೇ ಆಯಿತು. ಬ್ರೇಕ್ ಕೈಯಲ್ಲಿ ತಾನೇ ಇರೋದು, ಕಾಲಿಗೇನು ಕೆಲಸ ಅಂತ ಅವಳು. ಸಿಗ್ನಲ್ಲಿನಲ್ಲಿ ಗಾಡಿಯ ಭಾರ ಹೊರುವುದು ಯಾರು? ಪೆನ್ಸಿಲ್ ಹೀಲ್ಸ್ ಊರಿದರೆ ನೆಲ ಮುಟ್ಟುವುದು ಒಂದು ಗುಂಡಿಯಷ್ಟು ರಬ್ಬರ್. ಮಳೆ ಬಿದ್ದಿದ್ದರೆ ಅದೂ ಜಾರುತ್ತದೆ. ತಮಾಷೆ ಅಂದರೆ ಹೀಲ್ಸ್ ಮೊದಲು ಬಂದದ್ದೇ ಸವಾರಿಗೆ. ಪರ್ಷಿಯಾದ ಕುದುರೆ ಸವಾರರು, ಗಂಡಸರು, ಜೀನಿನಿಂದ ಇಳಿಬಿಟ್ಟ ರಿಕಾಪಿನಲ್ಲಿ, ಅಂದರೆ ಕಾಲಿಡುವ ಬಳೆಯಲ್ಲಿ, ಕಾಲು ಭದ್ರವಾಗಿ ಕೂರಲಿ ಅಂತ ಹಿಮ್ಮಡಿ ಎತ್ತರದ ಮೆಟ್ಟು ಹಾಕುತ್ತಿದ್ದರು. ಅದು ಯುರೋಪಿಗೆ ಹೋಗಿ, ಫ್ರಾನ್ಸಿನ ದೊರೆ 14ನೇ ಲೂಯಿಯ ಕಾಲಕ್ಕೆ ಕೆಂಪು ಹಿಮ್ಮಡಿಯ ಶೋಕಿಯಾಯಿತು. ಸೂಜಿಯಂಥ ಹೀಲ್ಸ್ ಬಂದದ್ದು 1950ರ ದಶಕದಲ್ಲಿ, ಒಳಗೆ ಉಕ್ಕಿನ ಸರಳು ಇಟ್ಟ ಮೇಲೆ. ಅದಿಲ್ಲದಿದ್ದರೆ ಅಷ್ಟು ತೆಳ್ಳಗಿನ ಹಿಮ್ಮಡಿ ಮುರಿದೇ ಹೋಗುತ್ತಿತ್ತು. ಅಕ್ಕನ ಮಗಳು ಈಗ ಹೀಲ್ಸನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು, ಆಫೀಸಿನ ಪಾರ್ಕಿಂಗಿನಲ್ಲಿ ಬದಲಿಸುತ್ತಾಳೆ. ಲಂಡನ್ ರೈಲಿನ ಹೆಂಗಸರೂ ಇವಳೂ ಒಂದೇ ಆದರು, ಅಲ್ವಾ?

ಕಾಲುಂಗುರದ ವಿಷಯ ಯಾವ ಫ್ಯಾಷನ್ ಪುಟದಲ್ಲೂ ನಾನು ಓದಿಲ್ಲ. ಚೂಪು ಮೂತಿಯ ಮುಚ್ಚಿದ ಶೂ ಎಲ್ಲ ಬೆರಳನ್ನೂ ಒಂದು ಕಡೆಗೆ ಒತ್ತುತ್ತದೆ. ಬೆಳ್ಳಿಯ ಕಾಲುಂಗುರ ಪಕ್ಕದ ಬೆರಳನ್ನು ಕೊರೆಯುತ್ತದೆ. ನಾನು ಲಂಡನ್ನಿಗೆ ಹೋದ ಮೊದಲ ವರ್ಷವೇ ಅದನ್ನು ತೆಗೆದಿಟ್ಟೆ. ಅವ್ವ ಎರಡು ತಿಂಗಳು ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ. ಮದುವೆಯಾಗುವ ಹುಡುಗಿ ಇಂದು ಕೊಳ್ಳುವ ಶೂ ನಾಳೆ ಕಾಲುಂಗುರಕ್ಕೂ ಜಾಗ ಕೊಡಬೇಕು. ಬಾದಾಮಿಯ ಹಾಗೆ ದುಂಡಾಗಿ ಕಿರಿದಾಗುವ ಮೂತಿ, ಇಲ್ಲವೇ ಮುಂದೆ ಬೆರಳು ಕಾಣುವ ಹಾಗೆ ತೆರೆದದ್ದು ಸಾಕು. ಪರೀಕ್ಷೆ ಸುಲಭ. ಬರಿಗಾಲನ್ನು ಕಾಗದದ ಮೇಲಿಟ್ಟು ಗೆರೆ ಎಳೆಯಿರಿ, ಅದರ ಮೇಲೆ ಶೂ ಇಡಿ. ಗೆರೆ ಹೊರಗೆ ಕಂಡಷ್ಟೂ ನಿಮ್ಮ ಕಾಲು ಒಳಗೆ ನರಳುತ್ತದೆ.

ಕೊನೆಗೆ ಅಕ್ಕನ ಮಗಳನ್ನು ಮೈಸೂರಿನ ದೇವರಾಜ ಅರಸು ರಸ್ತೆಗೆ ಕರೆದುಕೊಂಡು ಹೋದೆ, ಬೇಕೆಂದೇ ಸಂಜೆ ಆರಕ್ಕೆ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಆಗ ಹಿಡಿಸಿದ್ದೇ ರಿಸೆಪ್ಷನ್ನಿಗೂ ಹಿಡಿಸುವುದು. ಶೂವನ್ನು ಗಾಜಿನ ಕೌಂಟರ್ ಮೇಲಿಟ್ಟು ಹಿಂದಿನಿಂದ ಬೆರಳಲ್ಲಿ ತಳ್ಳಿದೆ. ಅಲ್ಲಾಡಿದ್ದನ್ನು ವಾಪಸ್ ಕೊಟ್ಟೆ. ಎರಡೂ ತುದಿ ಹಿಡಿದು ಬಗ್ಗಿಸಿದೆ. ಬೆರಳ ಬುಡದಲ್ಲಿ ಬಗ್ಗಬೇಕು, ನಡುವೆ ಬಗ್ಗಬಾರದು. ಅಂಗಡಿಯ ಹುಡುಗ ಮುಖ ಗಂಟಿಕ್ಕಿಕೊಂಡ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಅಕ್ಕ" ಅಂದ. ಈ ಮಾತನ್ನು ಲಂಡನ್ನಿನಲ್ಲೂ ಕೇಳಿದ್ದೇನೆ, ಇಂಗ್ಲಿಷಿನಲ್ಲಿ. ಚರ್ಮ ಒಂದಿಷ್ಟು ಸಡಿಲವಾಗುತ್ತದೆ. ರೆಕ್ಸಿನ್ ಆಗುವುದಿಲ್ಲ, ನಿಮ್ಮ ಕಾಲೇ ಸೋಲಬೇಕು.

ಎರಡು ಇಂಚಿನ ಅಗಲ ಹಿಮ್ಮಡಿ, ಕಾಫಿ ಕಂದು ಬಣ್ಣ, ಎಲಾಸ್ಟಿಕ್ ಬಾರು. ಆಫೀಸಿನ ಕುರ್ತಾಕ್ಕೂ ಪ್ಯಾಂಟಿಗೂ ಹೊಂದುತ್ತದೆ, ರೇಷ್ಮೆ ಸೀರೆಯ ಕೆಳಗೆ ಹೊಳೆದು ಜಗಳಕ್ಕೆ ಬರುವುದಿಲ್ಲ. ಕಪ್ಪಿಗಿಂತ ಕಂದೇ ನಮ್ಮ ಬಟ್ಟೆಗಳಿಗೆ ಮೇಲು ಅಂತ ನನ್ನ ಹಟ.

ಆದರೆ ಮನೆಯಲ್ಲಿ ತಕರಾರು ಶುರುವಾಯಿತು. ಹುಡುಗ ಆರಡಿ, ಇವಳು ಐದಡಿ ಒಂದಿಂಚು. ಸ್ಟೇಜ್ ಮೇಲೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ, ಇನ್ನೂ ಎತ್ತರದ್ದು ತಗೋಬೇಕಿತ್ತು ಅಂತ ದೊಡ್ಡಮ್ಮ. 2015ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಿಕೋಲಾ ಥಾರ್ಪ್ ಅನ್ನುವ ಸ್ವಾಗತಕಾರಿಣಿ ಎರಡರಿಂದ ನಾಲ್ಕು ಇಂಚಿನ ಹೀಲ್ಸ್ ಹಾಕಲು ಒಪ್ಪದ್ದಕ್ಕೆ ಅವಳನ್ನು ಸಂಬಳ ಕೊಡದೆ ಮನೆಗೆ ಕಳಿಸಿದ್ದರು. ಅವಳ ಮನವಿಗೆ ಒಂದೂವರೆ ಲಕ್ಷ ಜನ ಸಹಿ ಹಾಕಿದರು, 2017ರಲ್ಲಿ ಪಾರ್ಲಿಮೆಂಟಿನಲ್ಲಿ ಚರ್ಚೆಯೂ ಆಯಿತು. ನಮ್ಮಲ್ಲಿ ಯಾವ ಆಫೀಸೂ ನನಗೆ ಹಾಗೆ ಹೇಳಿಲ್ಲ. ಹೇಳುವವರು ದೊಡ್ಡಮ್ಮಂದಿರು. ಹುಡುಗಿ ಎತ್ತರ ಇದ್ದರೆ "ಹೀಲ್ಸ್ ಬೇಡ", ಕುಳ್ಳಿ ಇದ್ದರೆ "ಹೀಲ್ಸ್ ಹಾಕು". ದೊಡ್ಡಮ್ಮನ ವಿರುದ್ಧ ಯಾವ ಪಾರ್ಲಿಮೆಂಟಿಗೆ ಹೋಗುವುದು? ಹುಡುಗನಿಗೇ ಒಂದು ಮೆಟ್ಟಿಲು ಕೆಳಗೆ ನಿಲ್ಲಲು ಹೇಳಿ ಅಂದೆ. ಯಾರೂ ನಗಲಿಲ್ಲ. ನಿಶ್ಚಿತಾರ್ಥದ ದಿನ ತಾಂಬೂಲ ಬದಲಿಸುವಾಗ ಅವಳು ಬರಿಗಾಲಲ್ಲಿ ಇದ್ದಳು, ಉಂಗುರಕ್ಕೂ ಕೇಕಿಗೂ ಕಂದು ಹೀಲ್ಸ್ ಮೇಲೆ. ಹಾಕಲು, ಬಿಡಲು ಎರಡು ಸೆಕೆಂಡ್.

ನಾನು ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಸವೆದ ಹೀಲ್ಸ್ ತರುತ್ತೇನೆ. ಹಿಮ್ಮಡಿ ತುದಿಯ ರಬ್ಬರ್ ಬದಲಿಸಲು ಲಂಡನ್ನಿನಲ್ಲಿ ಹತ್ತು ಪೌಂಡ್ ದಾಟುತ್ತದೆ. ಮಂಡ್ಯದಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಅಣ್ಣ ನಾಲ್ಕು ಜೋಡಿಯನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಈ ಸಲ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದರು. "ಎಲ್ಲದರಲ್ಲೂ ಎಡಗಾಲೇ ಜಾಸ್ತಿ ಸವೆದಿದೆಯಲ್ಲವ್ವ, ಬ್ಯಾಗ್ ಯಾವ ಭುಜಕ್ಕೆ ಹಾಕ್ತೀರ?" ಎಡಕ್ಕೆ, ಹದಿನಾಲ್ಕು ವರ್ಷದಿಂದ, ಲ್ಯಾಪ್‌ಟಾಪ್ ಸಮೇತ. ಈಗ ಬ್ಯಾಗ್ ಬಲಭುಜಕ್ಕೆ ಬಂದಿದೆ. ಎಡ ಹಿಮ್ಮಡಿ ಇನ್ನೂ ಸವೆಯುತ್ತಲೇ ಇದೆ, ಮುಂದಿನ ಸಲ ಅವರನ್ನೇ ಕೇಳಬೇಕು.