ಚಾಪ್ಲಿನ್‌ಗೆ ಆಸ್ಕರ್ ಸಿಗಲೇ ಇಲ್ಲವೇ? ಒಂದು ಸ್ಪಷ್ಟನೆ

ಹಳೆಯ ಹಾಸ್ಯಚಿತ್ರಗಳ ಚರ್ಚೆ ಬಂದಾಗಲೆಲ್ಲ ‘ಚಾರ್ಲಿ ಚಾಪ್ಲಿನ್‌ಗೆ ಒಮ್ಮೆಯೂ ಆಸ್ಕರ್ ಕೊಡಲಿಲ್ಲ’ ಎಂಬ ಮಾತು ತೇಲಿಬರುತ್ತದೆ. ಇದು ತಪ್ಪು. 1929ರ ಮೊದಲ ಸಮಾರಂಭದಲ್ಲೇ ‘ದಿ ಸರ್ಕಸ್’ಗಾಗಿ ಅವರಿಗೆ ವಿಶೇಷ ಪ್ರಶಸ್ತಿ ಸಂದಿತ್ತು, 1972ರಲ್ಲಿ ಗೌರವ ಪ್ರಶಸ್ತಿ. ಸ್ಪರ್ಧೆಯಲ್ಲಿ ಗೆದ್ದದ್ದು 1973ರಲ್ಲಿ, ಅದೂ ನಗಿಸಿದ್ದಕ್ಕಲ್ಲ, ‘ಲೈಮ್‌ಲೈಟ್’ ಚಿತ್ರದ ಸಂಗೀತಕ್ಕೆ! 1952ರ ಆ ಚಿತ್ರ ಲಾಸ್ ಏಂಜಲೀಸ್‌ನಲ್ಲಿ ತೆರೆಕಂಡದ್ದೇ 1972ರಲ್ಲಿ; ಇಪ್ಪತ್ತು ವರ್ಷಗಳ ಬಳಿಕ ಅದು ಸ್ಪರ್ಧೆಗೆ ಅರ್ಹವಾದದ್ದು ಹಾಗೆ.

ಅಭಿಮಾನಿಗಳ ಮುನಿಸಿಗೆ ಕಾರಣ ಇಲ್ಲದಿಲ್ಲ. ‘ಸಿಟಿ ಲೈಟ್ಸ್’ (1931) ಒಂದು ನಾಮನಿರ್ದೇಶನವನ್ನೂ ಪಡೆಯಲಿಲ್ಲ. ನನ್ನ ಮಟ್ಟಿಗೆ ಅಕಾಡೆಮಿಯ ದೊಡ್ಡ ಎಡವಟ್ಟು ಅದು. ‘ದಿ ಗ್ರೇಟ್ ಡಿಕ್ಟೇಟರ್’ ಐದು ನಾಮನಿರ್ದೇಶನ ಪಡೆದೂ ಬರಿಗೈಯಲ್ಲಿ ಮರಳಿತು. ಆದ್ದರಿಂದ ‘ಅವರ ಶ್ರೇಷ್ಠ ಹಾಸ್ಯಚಿತ್ರಗಳಿಗೆ ಸಿಗಲಿಲ್ಲ’ ಎಂದು ದೂರಿದರೆ ನನ್ನ ತಕರಾರಿಲ್ಲ.