ಸ್ಪಷ್ಟನೆ: ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಕೆಟ್ಟಿಲ್ಲ, ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಓಡಬೇಡಿ

‘ಲಿನಕ್ಸ್ ಹಾಕಿದರೆ ಟಚ್‌ಪ್ಯಾಡ್ ಕೆಲಸ ಮಾಡಲ್ಲ, ಎಸ್.ಪಿ. ರಸ್ತೆಗೆ ಹೋಗಿ ಡ್ರೈವರ್ ಹಾಕಿಸಬೇಕು, ಕನ್ನಡವಂತೂ ಟೈಪ್ ಆಗೋದೇ ಇಲ್ಲ’ ಎಂಬ ವಾಟ್ಸಾಪ್ ಸಂದೇಶ ಬೆಂಗಳೂರಿನಲ್ಲಿ ಓಡಾಡುತ್ತಿದೆ. ಲಿನಕ್ಸ್ ಅಂದರೆ ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ. ಟಚ್‌ಪ್ಯಾಡ್, ಕನ್ನಡ ಎರಡರ ಮಾತೂ ಸರಿಯಲ್ಲ.

ಸಾಮಾನ್ಯ ಟಚ್‌ಪ್ಯಾಡ್‌ಗಳ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ. ಬೆರಳಿನ ಚಲನೆಯನ್ನು ಅರ್ಥ ಮಾಡಿಕೊಳ್ಳುವುದು ಅದರ ಮೇಲೆ ಕೆಲಸ ಮಾಡುವ ‘ಲಿಬ್‌ಇನ್‌ಪುಟ್’ ಎಂಬ ತಂತ್ರಾಂಶ. ಗೊಂದಲ ಹುಟ್ಟಿದ್ದು ಇಲ್ಲೇ ಇರಬೇಕು: ಬೆರಳು ತಟ್ಟಿದರೆ ಕ್ಲಿಕ್ ಆಗುವ ಸೌಲಭ್ಯವನ್ನು ಲಿಬ್‌ಇನ್‌ಪುಟ್ ಸಾಮಾನ್ಯವಾಗಿ ಆಫ್ ಮಾಡಿಯೇ ಇಟ್ಟಿರುತ್ತದೆ. ಕೈ ತಾಗಿ ಬೇಡದ ಕಡೆ ಕ್ಲಿಕ್ ಆಗಬಾರದೆಂದು. ಒತ್ತಿದರೆ ಕ್ಲಿಕ್ ಆಗುತ್ತದೆ, ತಟ್ಟಿದರೆ ಇಲ್ಲ. ನೋಡಿದವರು ‘ಹೋಯ್ತು’ ಅಂದುಕೊಳ್ಳುತ್ತಾರೆ. ಸೆಟ್ಟಿಂಗ್ಸ್‌ನ ಟಚ್‌ಪ್ಯಾಡ್ ಪುಟದಲ್ಲಿ ಆನ್ ಮಾಡಿದರೆ ಆಯಿತು, ಕಾಸು ಖರ್ಚಿಲ್ಲ. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಲ್ಲೊಂದಾದ ಗ್ನೋಮ್‌ನಲ್ಲಿ, 2024ರಲ್ಲಿ ಬಂದ 46ನೇ ಆವೃತ್ತಿಯಿಂದ ಅದು ಮೊದಲೇ ಆನ್ ಆಗಿರುತ್ತದೆ.

ಕನ್ನಡ ಟೈಪ್ ಮಾಡಲು ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಇದೆ, ನಮ್ಮ ಕಗಪ ವಿನ್ಯಾಸವೂ ಇದೆ. ಕೀಬೋರ್ಡ್ ಪಟ್ಟಿಯಲ್ಲಿ ಹುಡುಕಿ ಸೇರಿಸಿಕೊಳ್ಳಿ.

ಒಂದು ಮಾತು ಮಾತ್ರ ಒಪ್ಪಬೇಕು: ಕೆಲವು ಬೆರಳಚ್ಚು ಸೆನ್ಸರ್‌ಗಳಿಗೆ ಲಿನಕ್ಸ್‌ನಲ್ಲಿ ಇನ್ನೂ ಡ್ರೈವರ್ ಇಲ್ಲ. ಅದನ್ನು ಅಂಗಡಿಯವರೂ ಹಾಕಿಕೊಡಲಾರರು.