ಸ್ಪಷ್ಟನೆ: 1988ರ ತಾಪಮಾನ ಅಂದಾಜು ‘ಶೇ 300ರಷ್ಟು ತಪ್ಪು’ ಎಂಬ ಸಂದೇಶ ಸರಿಯಲ್ಲ

ಮೈಕೆಲ್ ಕ್ರೈಟನ್ ಅವರ 2004ರ ‘ಸ್ಟೇಟ್ ಆಫ್ ಫಿಯರ್’ ಕಾದಂಬರಿಯನ್ನು ಓದಿದ ಹುರುಪಿನಲ್ಲಿ, ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ 1988ರಲ್ಲಿ ಹೇಳಿದ ತಾಪಮಾನ ಏರಿಕೆ ಶೇ 300ರಷ್ಟು ತಪ್ಪಾಯಿತೆಂದು ತುಮಕೂರಿನ ನಮ್ಮ ಓದುಗರ ವಾಟ್ಸ್‌ಆ್ಯಪ್ ಬಳಗಕ್ಕೆ ನಾನು ಬರೆದಿದ್ದೆ, ಅದು ತಪ್ಪು. ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿಯ ಮುಂದಿಟ್ಟ ನಕ್ಷೆಯಲ್ಲಿ ಮುಂದಿನ ತಾಪಮಾನ ಹೇಗೆ ಏರಬಹುದೆಂಬ ಮೂರು ಸಾಧ್ಯತೆಗಳಿಗೆ ಎ, ಬಿ, ಸಿ ಎಂಬ ಮೂರು ಗೆರೆಗಳಿದ್ದವು. ಭೂಮಿಯನ್ನು ಬಿಸಿಯಾಗಿಸುವ ಅನಿಲಗಳ ಹೊರಸೂಸುವಿಕೆ ವರ್ಷದಿಂದ ವರ್ಷಕ್ಕೆ ವೇಗವಾಗಿ ಏರುತ್ತಲೇ ಹೋದರೆ ಏನಾದೀತೆಂಬುದು ಎ. ಹೆಚ್ಚು ಸಂಭವನೀಯವೆಂದು ಅವರೇ ಸೂಚಿಸಿದ್ದು ನಡುವಿನ ಬಿ ಗೆರೆಯನ್ನು, ಮುಂದಿನ ದಶಕದ ನಿಜವಾದ ಏರಿಕೆಯೂ ಅದಕ್ಕೇ ಹತ್ತಿರವಿತ್ತು. ಉಳಿದೆರಡನ್ನು ಅಳಿಸಿ ಎ ಒಂದನ್ನೇ ಹಿಡಿದಾಗ ಮಾತ್ರ ಅಷ್ಟು ದೊಡ್ಡ ತಪ್ಪು ಕಾಣುತ್ತದೆ. ಕಾದಂಬರಿಯ ಅಡಿಟಿಪ್ಪಣಿಗಳನ್ನು ಕಂಡು ನಾನು ಮೂಲವನ್ನು ನೋಡಲೇ ಇಲ್ಲ. ಶಿರಾ, ಮಧುಗಿರಿಯ ಗುಂಪುಗಳಿಗೂ ಆ ಸಂದೇಶ ಹೋಗಿದೆ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ, ಕಳಿಸಿದ್ದರೆ ಈ ಸ್ಪಷ್ಟನೆಯನ್ನೂ ಅಲ್ಲಿಗೆ ತಲುಪಿಸಿ.